ಬರೀ ಹಕ್ಕಿಗಳ ಡೆಕ್ ಕಟ್ಟಿದರೆ ಗೆಲ್ಲಲು ಆಗುವುದಿಲ್ಲವೇ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳನ್ನು ನೋಡಿಕೊಂಡೇ ಬೆಳೆದವನು. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟ ಆಡಲು ಕಲಿತ ಮೇಲೆ ಬರೀ ಹಕ್ಕಿಗಳ ಡೆಕ್ (ಕಾರ್ಡ್‌ಗಳ ಕಟ್ಟು) ಕಟ್ಟುವ ಆಸೆಯಾಯಿತು. ಐದೂ ಬಣ್ಣದ ಹಕ್ಕಿಗಳನ್ನು ಸೇರಿಸಿ 44 ಹಕ್ಕಿ, ಅವುಗಳ ಬೆಲೆ ತೆರಲು ‘ಮನಾ’ ಎಂಬ ಶಕ್ತಿ ಕೊಡುವ 16 ಲ್ಯಾಂಡ್ ಕಾರ್ಡ್ ಹಾಕಿದ್ದೇನೆ. ಮಂಡ್ಯದ ಹಾಸ್ಟೆಲ್‌ನಲ್ಲಿ ಗೆಳೆಯರ ಎದುರು ಸೋಲುತ್ತಲೇ ಇದ್ದೇನೆ. ಒಂದೇ ಜಾತಿಯ ಜೀವಿಗಳ ಡೆಕ್ ಗೆಲ್ಲುವುದೇ ಇಲ್ಲವೇ?

ಉತ್ತರ: ಖಂಡಿತ ಗೆಲ್ಲುತ್ತದೆ. ಈ ಪ್ರಶ್ನೆ ಮೈಸೂರಿನಲ್ಲೂ ಹೊಸಬರಿಂದ ಆಗಾಗ ಬರುತ್ತದೆ. ಹಕ್ಕಿಯ ಜಾಗದಲ್ಲಿ ಆನೆ, ಹಾವು, ಡ್ರ್ಯಾಗನ್ ಇರುತ್ತದೆ, ಅಷ್ಟೇ. ಕೂಡಿಹಾಕಿದ ಮಾತ್ರಕ್ಕೆ ಹಕ್ಕಿಗಳು ಹಿಂಡಾಗುವುದಿಲ್ಲ. ಒಂದು ಹಕ್ಕಿ ಮೇಜಿಗೆ ಬಂದದ್ದರಿಂದ ಇನ್ನೊಂದಕ್ಕೆ ಲಾಭವಾಗಬೇಕು. ನಿಮ್ಮ 44 ಹಕ್ಕಿಗಳಲ್ಲಿ ಇನ್ನೊಂದು ಹಕ್ಕಿಗೆ ನೆರವಾಗುವಂಥವು ಎಷ್ಟಿವೆ ಎಂದು ಎಣಿಸಿ ನೋಡಿ. ಬೆರಳೆಣಿಕೆಯಷ್ಟೂ ಸಿಗಲಿಕ್ಕಿಲ್ಲ.

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಬಂತು. ಒಂದೇ ಜಾತಿಯ ಡೆಕ್‌ನ ಬೀಜ ಮೊದಲ ಸಂಚಿಕೆಯಲ್ಲೇ (ಒಟ್ಟಿಗೆ ಹೊರಬರುವ ಕಾರ್ಡ್‌ಗಳ ಗುಂಪು) ಇತ್ತು. ‘ಗಾಬ್ಲಿನ್ ಕಿಂಗ್’ ಮೇಜಿನ ಮೇಲಿದ್ದರೆ ಉಳಿದ ಗಾಬ್ಲಿನ್‌ಗಳ ಬಲ ಹೆಚ್ಚುತ್ತದೆ. ‘ಲಾರ್ಡ್ ಆಫ್ ಅಟ್ಲಾಂಟಿಸ್’ ಮತ್ಸ್ಯಮಾನವರಿಗೆ ಅದನ್ನೇ ಮಾಡುತ್ತದೆ. 2002ರ ‘ಆನ್‌ಸ್ಲಾಟ್’ ಮತ್ತು 2007ರ ‘ಲಾರ್ವಿನ್’ ಸಂಚಿಕೆಗಳಂತೂ ಜೀವಿಗಳ ಜಾತಿಯನ್ನೇ ತಳಹದಿಯಾಗಿಟ್ಟುಕೊಂಡವು.

ಪ್ರಾಣಿಗಳ ಚಿತ್ರವಿರುವ ಎಲೆಗಳು ನಮ್ಮ ಕಡೆಗೇನೂ ಹೊಸವಲ್ಲ. ದಶಾವತಾರ ಗಂಜೀಫದ 120 ಎಲೆಗಳಲ್ಲಿ ಮತ್ಸ್ಯ, ಕೂರ್ಮ, ವರಾಹಗಳಿಗೆ ಒಂದೊಂದು ಪಂಗಡವೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫದ ಆಟಗಳನ್ನು ವಿವರಿಸಿದ್ದಾರೆ. ಆದರೆ ಅಲ್ಲಿ ಆಡುವವರೆಲ್ಲರಿಗೂ ಕಟ್ಟು ಒಂದೇ. ಮ್ಯಾಜಿಕ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರುತ್ತಾರೆ. ಅರ್ಧ ಆಟ ಕೂರುವ ಮೊದಲೇ ಮುಗಿದಿರುತ್ತದೆ.

ಮೊದಲು ಲ್ಯಾಂಡ್‌ಗಳ ವಿಷಯ. ನಿಮ್ಮ ಸೋಲಿನ ದೊಡ್ಡ ಪಾಲು ಅಲ್ಲೇ ಇದೆ. 60 ಕಾರ್ಡ್‌ಗಳಲ್ಲಿ 16 ಲ್ಯಾಂಡ್ ಇದ್ದರೆ ಮೊದಲ ಏಳು ಕಾರ್ಡ್‌ಗಳಲ್ಲಿ ಸರಾಸರಿ ಎರಡು ಲ್ಯಾಂಡ್ ಕೂಡ ಬರುವುದಿಲ್ಲ. ಬಂದವು ಬೇಕಾದ ಬಣ್ಣದವೇ ಆಗಿರುತ್ತವೆ ಎಂಬ ಭರವಸೆಯೂ ಇಲ್ಲ. 24 ಹಾಕಿದರೆ ಸರಾಸರಿ 2.8 ಬರುತ್ತದೆ. ಬಣ್ಣಗಳನ್ನು ಬಿಳಿ ಮತ್ತು ನೀಲಿಗೆ ಇಳಿಸಿ. ಕೆಲಸಕ್ಕೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಇವೆ. ‘ಬರ್ಡ್ಸ್ ಆಫ್ ಪ್ಯಾರಡೈಸ್’ ಬಿಡಲು ಮನಸ್ಸು ಬರುವುದಿಲ್ಲ ಎಂದು ಬಲ್ಲೆ. ಅದೂ 1993ರ ಕಾರ್ಡ್, ಚಿತ್ರವೂ ಸೊಗಸು. ಆದರೆ ಅದು ಹಸಿರು. ಅದೊಂದಕ್ಕಾಗಿ ಮೂರನೆಯ ಬಣ್ಣ ತಂದರೆ ಉಳಿದ ಹಕ್ಕಿಗಳೆಲ್ಲ ಕೈಯಲ್ಲೇ ಕೂರುತ್ತವೆ.

ಯಾವುದೇ ಕಾರ್ಡ್‌ನ ನಾಲ್ಕು ಪ್ರತಿಗಳವರೆಗೆ ಹಾಕಬಹುದು, ಮೂಲ ಲ್ಯಾಂಡ್‌ಗಳಿಗೆ ಮಾತ್ರ ಮಿತಿಯಿಲ್ಲ. ಇಷ್ಟವಾದ ಹಕ್ಕಿಗಳನ್ನೆಲ್ಲ ಒಂದೊಂದರಂತೆ ಹಾಕುವುದು ಸಂಗ್ರಹಕ್ಕೆ ಸರಿ, ಆಟಕ್ಕಲ್ಲ. ನಾಲ್ಕು ಪ್ರತಿಗಳಿರುವ ಕಾರ್ಡ್ ಮೊದಲ ಏಳರಲ್ಲಿ ಕಾಣಿಸುವ ಸಾಧ್ಯತೆ ಸುಮಾರು 40 ಶೇಕಡಾ. ಒಂದೇ ಕೆಲಸ ಮಾಡುವ ಎರಡು ಕಾರ್ಡ್‌ಗಳನ್ನು ನಾಲ್ಕು ನಾಲ್ಕು ಹಾಕಿದರೆ ಅದು 65 ಶೇಕಡಾಕ್ಕೆ ಏರುತ್ತದೆ. ಹಿಂಡಿಗೆ ಬಲ ಕೊಡುವ ಕಾರ್ಡ್‌ಗಳು ಎಂಟಾದರೂ ಇರಲಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಆ ಎಂಟು ಯಾವುವು? ‘ಎಂಪೈರಿಯನ್ ಈಗಲ್’ ನಾಲ್ಕು, ‘ಫೇವರಬಲ್ ವಿಂಡ್ಸ್’ ನಾಲ್ಕು. ಇವೆರಡೂ ಬಲ ಕೊಡುವುದು ಹಾರುವ ಜೀವಿಗಳಿಗೆ. ಕಾರ್ಡ್ ಮೇಲೆ ಹಕ್ಕಿ ಎಂದು ಬರೆದಿರಲೇಬೇಕೆಂದಿಲ್ಲ. ಯಾವ ಜಾತಿಯ ಡೆಕ್ ಕಟ್ಟುವವರೂ ಗಮನಿಸಬೇಕಾದದ್ದು ಇದನ್ನು. ನಿಮ್ಮ ಜೀವಿಗಳು ಹಂಚಿಕೊಂಡ ಗುಣ ಯಾವುದೆಂದು ಗುರುತಿಸಿ, ಆ ಗುಣಕ್ಕೆ ಲಾಭ ಕೊಡುವ ಕಾರ್ಡ್‌ಗಳನ್ನು ಹುಡುಕಿ. ರಂಗನತಿಟ್ಟಿನ ನಡುಗಡ್ಡೆಯಲ್ಲಿ ಬಣ್ಣದ ಕೊಕ್ಕರೆಯ ಪಕ್ಕದಲ್ಲೇ ಚಮಚಕೊಕ್ಕು ಗೂಡು ಕಟ್ಟುವಂತೆ, ನಾಳೆ ಹಾರುವ ದೇವದೂತೆಯೊಂದನ್ನು ಈ ಡೆಕ್‌ಗೆ ತಂದರೂ ಅದು ಹೊಂದಿಕೊಳ್ಳುತ್ತದೆ.

ನಾನಾದರೆ ಹೀಗೆ ಕಟ್ಟುತ್ತೇನೆ. ‘ಹೀಲರ್ಸ್ ಹಾಕ್’, ‘ವಾಚರ್ ಆಫ್ ದ ಸ್ಫಿಯರ್ಸ್’, ‘ಸ್ಕ್ವಾಡ್ರನ್ ಹಾಕ್’, ‘ಎಂಪೈರಿಯನ್ ಈಗಲ್’, ‘ವಾರ್ಡನ್ ಆಫ್ ಈವೋಸ್ ಐಲ್’, ನಾಲ್ಕು ನಾಲ್ಕರಂತೆ 20 ಹಕ್ಕಿ. ಜೊತೆಗೆ ‘ಬ್ಯಾಟಲ್ ಸ್ಕ್ರೀಚ್’, ‘ಫೇವರಬಲ್ ವಿಂಡ್ಸ್’, ‘ಪ್ಯಾಸಿಫಿಸಂ’, ‘ನೆಗೇಟ್’, ಇವೂ ನಾಲ್ಕು ನಾಲ್ಕು. ಬಿಳಿಯ ಪಾಲು ಹೆಚ್ಚಿರುವುದರಿಂದ 14 ಪ್ಲೇನ್ಸ್ (ಬಿಳಿ ಮನಾ ಕೊಡುವ ಮೂಲ ಲ್ಯಾಂಡ್), 10 ಐಲ್ಯಾಂಡ್ (ನೀಲಿಯದು). ಒಟ್ಟು 60. ಅಪರೂಪದ ದುಬಾರಿ ಕಾರ್ಡ್ ಒಂದೂ ಬೇಕಿಲ್ಲ. ಸಿಗದಿದ್ದವನ್ನು ಕಾಗದದಲ್ಲಿ ಮುದ್ರಿಸಿ, ಹಳೆಯ ಕಾರ್ಡ್ ಮೇಲಿಟ್ಟು ಪ್ಲಾಸ್ಟಿಕ್ ಸ್ಲೀವ್‌ಗೆ ತೂರಿಸಿ. ಹಾಸ್ಟೆಲ್ ಕೋಣೆಯ ಆಟಕ್ಕೆ ಅದು ಸಾಕು. ಅಧಿಕೃತ ಪಂದ್ಯಾವಳಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದೊಂದು ಪದ್ಧತಿಗೆ ಒಂದೊಂದು ಅನುಮತಿ ಪಟ್ಟಿಯೂ ಇರುತ್ತದೆ.

ಈ ಡೆಕ್ ಹೇಗೆ ಓಡುತ್ತದೆ ಎಂಬುದನ್ನು ಒಂದು ಒಳ್ಳೆಯ ಕೈ ಹಿಡಿದು ನೋಡೋಣ. ಮೊದಲ ಸರದಿಯಲ್ಲಿ ಒಂದು ಬಿಳಿ ಮನಾ ಕೊಟ್ಟು ಹೀಲರ್ಸ್ ಹಾಕ್. ಎರಡನೆಯದರಲ್ಲಿ ಅದು ಹಾರಿ ಒಂದು ಅಂಕದ ಏಟು ಹಾಕುತ್ತದೆ. ನೀವು ವಾಚರ್ ಇಳಿಸುತ್ತೀರಿ. ವಾಚರ್ ಇದ್ದರೆ ಹಾರುವ ಜೀವಿಗಳ ಬೆಲೆಯಲ್ಲಿ ಬಣ್ಣವಿಲ್ಲದ ಒಂದು ಮನಾ ಕಡಿಮೆಯಾಗುತ್ತದೆ. ಆದ್ದರಿಂದ ಮೂರನೆಯ ಸರದಿಯಲ್ಲಿ ಮೂರು ಮನಾದ ಈಗಲ್ ಎರಡಕ್ಕೇ ಸಿಗುತ್ತದೆ, ಉಳಿದ ಒಂದರಲ್ಲಿ ಇನ್ನೊಂದು ಹೀಲರ್ಸ್ ಹಾಕ್. ಹಾರುವ ಜೀವಿ ಬಂದಾಗಲೆಲ್ಲ ವಾಚರ್ ಆ ಸರದಿಗೆ ಒಂದಂಕ ಬೆಳೆಯುತ್ತದೆ. ಎರಡು ಬಂದವು, 2 ಇದ್ದದ್ದು 4 ಆಯಿತು. ಈಗಲ್ ಕೊಡುವ ಒಂದು ಸೇರಿ 5. ಹಳೆಯ ಹಾಕ್ 2. ಒಟ್ಟು ಏಳು ಅಂಕದ ಏಟು. 20 ಪ್ರಾಣಾಂಕದಿಂದ ಶುರುವಾದ ಎದುರಾಳಿ ಈಗ 12ರಲ್ಲಿ.

ನಾಲ್ಕನೆಯ ಸರದಿಯಲ್ಲಿ, ದಾಳಿಗೆ ಮೊದಲು ಬ್ಯಾಟಲ್ ಸ್ಕ್ರೀಚ್. ನಾಲ್ಕು ಮನಾಕ್ಕೆ ಎರಡು ಪುಟ್ಟ ಬಿಳಿ ಹಕ್ಕಿಗಳು ಬರುತ್ತವೆ. ಮೂರು ಬಿಳಿ ಜೀವಿಗಳನ್ನು ಅಡ್ಡ ತಿರುಗಿಸಿದರೆ ಅದೇ ಕಾರ್ಡನ್ನು ಮತ್ತೊಮ್ಮೆ, ಮನಾ ಇಲ್ಲದೆ ಆಡಬಹುದು. ಆಗಷ್ಟೇ ಬಂದ ಹಕ್ಕಿಗಳು ದಾಳಿ ಮಾಡಲಾರವು, ಆದರೆ ಈ ಬೆಲೆ ತೆರಲು ಅವುಗಳನ್ನು ತಿರುಗಿಸಲು ಅಡ್ಡಿಯಿಲ್ಲ. ಹೊಸ ಎರಡು ಹಕ್ಕಿ, ಒಂದು ಹಾಕ್ ತಿರುಗಿಸಿ; ಇನ್ನೆರಡು ಹಕ್ಕಿ ಇಳಿಯುತ್ತವೆ. ನಾಲ್ಕು ಹಾರಾಟಗಾರರು ಬಂದದ್ದಕ್ಕೆ ವಾಚರ್ 7ಕ್ಕೆ ಏರುತ್ತದೆ. ಉಳಿದ ಹಾಕ್ 2, ಈಗಲ್ 2. ಹನ್ನೊಂದು ಅಂಕ! ಎದುರಾಳಿಯ ಬಳಿ ಉಳಿಯುವುದು ಒಂದೇ. ಇಂಥ ಕೈ ಪ್ರತಿಸಲ ಬರುವುದಿಲ್ಲ, ನಿಜ. ಆದರೆ ಇದರಲ್ಲಿ ದೊಡ್ಡ ಹಕ್ಕಿ ಒಂದೂ ಇಲ್ಲ ಎಂಬುದನ್ನು ಗಮನಿಸಿ.

ಹಿಂಡಿನ ಡೆಕ್‌ಗೆ ನಿಜವಾದ ಶತ್ರು ‘ರಾತ್ ಆಫ್ ಗಾಡ್’ ಥರದ ಕಾರ್ಡ್. ನಾಲ್ಕು ಮನಾಕ್ಕೆ ಮೇಜಿನ ಮೇಲಿನ ಎಲ್ಲ ಜೀವಿಗಳೂ ನಾಶ. ಹೊಸಬರು ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಕುಳಿತಿರುತ್ತಾರೆ, ಒಂದೇ ಏಟಿಗೆ ಬರಿಗೈ. ಎದುರಾಳಿ ಬಿಳಿ ಬಣ್ಣದವರಾಗಿದ್ದು ನಾಲ್ಕನೆಯ ಲ್ಯಾಂಡ್ ಇಡುವಾಗ ಅವರ ಕಡೆ ಜೀವಿಗಳೇ ಇಲ್ಲದಿದ್ದರೆ ಅನುಮಾನಪಡಿ. ಗೆಲ್ಲಲು ಸಾಕಾಗುವಷ್ಟು ಹಕ್ಕಿ ಮೇಜಿನ ಮೇಲಿದ್ದರೆ ಉಳಿದವು ಕೈಯಲ್ಲಿರಲಿ. ಸ್ಕ್ವಾಡ್ರನ್ ಹಾಕ್ ಇಲ್ಲಿ ಆಪದ್ಬಾಂಧವ: ಒಂದು ಇಳಿದಾಗ ಡೆಕ್‌ನಲ್ಲಿರುವ ಅದರ ಉಳಿದ ಪ್ರತಿಗಳನ್ನೆಲ್ಲ ಕೈಗೆ ತಂದುಕೊಳ್ಳಬಹುದು. ಎರಡನ್ನು ಮುಟ್ಟದೆ ಇಟ್ಟುಕೊಳ್ಳಿ. ನೆಗೇಟ್ ಇರುವುದೂ ಇದಕ್ಕೇ. ಜೀವಿಯಲ್ಲದ ಮಂತ್ರವನ್ನು ಎರಡು ಮನಾದಲ್ಲಿ ಅದು ರದ್ದು ಮಾಡುತ್ತದೆ. ಆ ಎರಡು ಮನಾವನ್ನು ಖರ್ಚು ಮಾಡದೆ ಸರದಿ ಬಿಟ್ಟುಕೊಡುವ ತಾಳ್ಮೆ ಕಲಿಯಲು ಸ್ವಲ್ಪ ಸಮಯ ಬೇಕು.

ಗೆಳೆಯರು ನೂರು ಕಾರ್ಡ್‌ಗಳ ‘ಕಮಾಂಡರ್’ ಆಡುವವರಾದರೆ ಲೆಕ್ಕವೇ ಬೇರೆ. ಅಲ್ಲಿ ಮೂಲ ಲ್ಯಾಂಡ್ ಬಿಟ್ಟು ಪ್ರತಿ ಕಾರ್ಡೂ ಒಂದೇ ಪ್ರತಿ, ಆರಂಭದ ಅಂಕ 40. ನಿಮ್ಮ ಬಗೆಬಗೆಯ ಹಕ್ಕಿಗಳಿಗೆ ಅಲ್ಲಿ ಜಾಗ ಸಿಗುತ್ತದೆ. 2024ರ ‘ಬ್ಲೂಮ್‌ಬರೋ’ ಸಂಚಿಕೆಯ ‘ಕ್ಯಾಸ್ಟ್ರಲ್, ದ ವಿಂಡ್‌ಕ್ರೆಸ್ಟ್’ ಬಿಳಿ-ನೀಲಿಯ ಹಕ್ಕಿ ನಾಯಕ, ಹಕ್ಕಿಗಳು ಎದುರಾಳಿಗೆ ಏಟು ಕೊಟ್ಟಾಗ ಪ್ರತಿಫಲ ಕೊಡುವಂಥದ್ದು. ಅದನ್ನೇ ಕಮಾಂಡರ್ ಮಾಡಿಕೊಳ್ಳಿ.

ಕೊನೆಯದಾಗಿ, ನಿಮ್ಮ ಕೋಣೆಯಲ್ಲಿ ಹಸಿರು ಡೆಕ್ ಆಡುವ ಗೆಳೆಯರಿದ್ದೇ ಇರುತ್ತಾರೆ. ಅವರ ಜೇಡಗಳು ನೆಲದ ಮೇಲಿದ್ದೇ ಹಾರುವ ಜೀವಿಗಳನ್ನು ತಡೆಯಬಲ್ಲವು. ಪ್ಯಾಸಿಫಿಸಂ ಬಿದ್ದ ಜೀವಿ ದಾಳಿಯನ್ನೂ ಮಾಡಲಾರದು, ತಡೆಯಲೂ ಆರದು. ಅದನ್ನು ಮೊದಲು ಕಂಡ ಕರಡಿಯ ಮೇಲೆ ಹಾಕಿ ಮುಗಿಸಬೇಡಿ. ಕರಡಿ ನೆಲದಲ್ಲಿ ನಡೆಯಲಿ, ನಾಲ್ಕಾರು ಅಂಕ ಹೋದರೂ ಹೋಗಲಿ. ಜೇಡ ಬರುವವರೆಗೆ ಪ್ಯಾಸಿಫಿಸಂ ಕೈಯಲ್ಲೇ ಹಿಡಿದಿಡಿ.