ನಾಳೆ ಬೆಳಗ್ಗೆ 10 ಗಂಟೆಗೆ ಅವನು ಎಲ್ಲಿರುತ್ತಾನೆ?

ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ್ದ ಮಗನನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಹೊರಟ ತಾಯಂದಿರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮೊದಲಿನ ಹಾಗೆ ಆಗ್ತಾನಾ?" ಯಾವ ಮಾತ್ರೆ ಎಷ್ಟು ಹೊತ್ತಿಗೆ, ಮತ್ತೆ ಯಾವತ್ತು ಬರಬೇಕು ಅನ್ನೋದೆಲ್ಲ ಚೀಟಿಯಲ್ಲಿ ಬರೆದಿರುತ್ತದೆ. ಈ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಇರುವುದಿಲ್ಲ. ಬೆಂಗಳೂರಿನಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿರುವ ನಾನು ಆಗ ತಿರುಗಿ ಕೇಳುತ್ತೇನೆ: ನಾಳೆ ಬೆಳಗ್ಗೆ 10 ಗಂಟೆಗೆ ಅವನು ಎಲ್ಲಿರುತ್ತಾನೆ?

ಯಾಕೆ ಕೇಳುತ್ತೇನೆ ಅಂದರೆ, ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯಲ್ಲಿ ಕಿವಿಯಲ್ಲಿ ಕೇಳುವ ದನಿಗಳು, ಎಲ್ಲರ ಮೇಲೂ ಅನುಮಾನ, ರಾತ್ರಿಯೆಲ್ಲ ಓಡಾಟ, ಇವನ್ನೆಲ್ಲ ಮಾತ್ರೆ ಸಾಕಷ್ಟು ತಗ್ಗಿಸುತ್ತದೆ. ಉಳಿಯುವುದು ಮಂಕು. ಸ್ನಾನಕ್ಕೂ ಏಳೋಕೆ ಮನಸ್ಸಾಗದು, ಯಾರ ಜೊತೆಯೂ ಮಾತು ಬೇಡ. ಇದರ ಮೇಲೆ ಮಾತ್ರೆಯ ಆಟ ಅಷ್ಟು ನಡೆಯುವುದಿಲ್ಲ. ಇದೂ ಕಾಯಿಲೆಯದೇ ಭಾಗ, ಆದರೆ ಮನೆಯವರ ಕಣ್ಣಿಗೆ ಸೋಮಾರಿತನ. "ಎದ್ದೇಳೋ, ಎಷ್ಟೊತ್ತು ಬಿದ್ಕೊಂಡಿರ್ತೀಯ" ಅಂತ ದಿನಾ ಬೈಗುಳ ಶುರುವಾಗುತ್ತದೆ. ಬೈಗುಳ, ಸಿಡುಕು ಜಾಸ್ತಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸೋದೂ ಜಾಸ್ತಿ. ಇದು ಬಹಳ ಹಿಂದೆಯೇ ಗೊತ್ತಾದ ವಿಷಯ. ಹಾಗಂತ ತಾಯಿಯನ್ನು ದೂರಬೇಡಿ. 24 ಗಂಟೆಯೂ ಒಂದೇ ರೂಮಿನಲ್ಲಿ ಇಬ್ಬರೇ ಇದ್ದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಇಬ್ಬರಿಗೂ ಬಿಡುವು ಬೇಕು.

ಒಂದು ಮನೆಯ ವಿಷಯ ಹೇಳುತ್ತೇನೆ, ಗುರುತು ಬದಲಿಸಿ. ಮೂವತ್ತು ದಾಟಿದ ಮಗ, ಹಿಂದೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದವನು. ನಾವು ಮೊದಲು ಇಟ್ಟ ಗುರಿ ಬೆಳಗ್ಗೆ ನಂದಿನಿ ಬೂತಿಗೆ ಹೋಗಿ ಎರಡು ಪ್ಯಾಕೆಟ್ ಹಾಲು ತರೋದು, ಅಷ್ಟೇ. ಶುರುವಿನಲ್ಲಿ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವನು ದುಡ್ಡು ಕೊಟ್ಟು ಚಿಲ್ಲರೆ ಮರೆತು ಬಂದರೆ ಬೂತಿನವರು ಮಾರನೇ ದಿನ ನೆನಪಿಟ್ಟು ಕೊಡುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅವನು ಅಲ್ಲೇ ನಿಂತು ಕ್ರೇಟ್ ಇಳಿಸೋಕೆ ಕೈಹಾಕಿದ. ಅದಕ್ಕೆ ಬೂತಿನವರು ಟೀ ಕೊಡಿಸಿದರು. ನಮ್ಮ ಫೈಲಿನಲ್ಲಿ ಇದನ್ನು "ಸೋಶಿಯಲ್ ಫಂಕ್ಷನಿಂಗ್ ಸುಧಾರಿಸಿದೆ" ಅಂತ ಬರೆಯುತ್ತೇವೆ.

ಆಮೇಲೆ ಮನೆ ಓನರ್ ಬಾಡಿಗೆ ಏರಿಸಿದರು. 11 ತಿಂಗಳ ಅಗ್ರಿಮೆಂಟ್ ಮುಗಿದಿತ್ತು. ತಾಯಿ, ಮಗ ಊರಿನ ಇನ್ನೊಂದು ಮೂಲೆಗೆ ಮನೆ ಬದಲಿಸಿದರು. ಹೊಸ ಬಡಾವಣೆಯಲ್ಲಿ ಯಾರ ಪರಿಚಯವೂ ಇಲ್ಲ. ಅವನು ಮತ್ತೆ ಹಾಸಿಗೆ ಹಿಡಿದ. ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ.

ನಗರದಲ್ಲಿ ಸಮುದಾಯ ಅಂದರೆ ಹೀಗೆಯೇ, ಚೂರುಚೂರು. ಹಾಲಿನ ಬೂತು, ಮೆಡಿಕಲ್ ಶಾಪು, ಆಟೋ ಸ್ಟ್ಯಾಂಡು, ಪಾರ್ಕಿನ ಬೆಂಚು. ಅದನ್ನು ಕಟ್ಟೋಕೆ ತಿಂಗಳುಗಟ್ಟಲೆ ಬೇಕು, ಒಂದು ಟೆಂಪೋ ಲೋಡಿನಲ್ಲಿ ಹೋಗಿಬಿಡುತ್ತದೆ.

ನಮ್ಮ ರಾಜ್ಯಕ್ಕೆ ಈ ಕ್ಷೇತ್ರದಲ್ಲಿ ದೊಡ್ಡ ಚರಿತ್ರೆಯೇ ಇದೆ. ನಿಮ್ಹಾನ್ಸ್ 1970ರ ದಶಕದಲ್ಲೇ ಆಸ್ಪತ್ರೆಯ ಗೋಡೆ ದಾಟಿ ಬೆಂಗಳೂರಿನ ಹೊರವಲಯದ ಸಕಲವಾರದಿಂದ ಸುತ್ತಲಿನ ಹಳ್ಳಿಗಳಿಗೆ ಹೋಗಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಈಗ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಹೋಗುತ್ತಾರೆ. ಆದರೆ ಗಮನಿಸಿ, ಇವೆಲ್ಲ ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಗರದವರಿಗೆ ದೊಡ್ಡ ಆಸ್ಪತ್ರೆ ಹತ್ತಿರ ಇದೆಯಲ್ಲ, ಸಾಕು ಅಂದುಕೊಂಡೆವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆಗಳ ಪ್ರಮಾಣ ಹಳ್ಳಿಗಿಂತ ಮಹಾನಗರಗಳಲ್ಲೇ ಜಾಸ್ತಿ ಕಂಡಿತು. ಆಸ್ಪತ್ರೆ ಹತ್ತಿರ ಇದ್ದರೆ ಸಾಲದು ಅನ್ನೋಕೆ ಇನ್ನೇನು ಬೇಕು?

ಬೇಕಾಗಿರೋದು ಒಂದೇ ಬಸ್ಸಿನಲ್ಲಿ ತಲುಪುವಷ್ಟು ದೂರದಲ್ಲಿ ಡೇ ಕೇರ್ ಸೆಂಟರ್. ಬೆಳಗ್ಗೆ ಬಂದು, ಕಾಗದದ ಕವರ್ ಮಾಡಿ, ಮೇಣದಬತ್ತಿ ಮಾಡಿ, ಕೇರಂ ಆಡಿ, ಊಟ ಮಾಡಿ ಸಂಜೆ ಮನೆಗೆ. ನಿಮ್ಹಾನ್ಸ್ ಆವರಣದ ರೋಸಸ್ ಕೆಫೆಯಲ್ಲಿ ಚೇತರಿಸಿಕೊಳ್ಳುತ್ತಿರುವವರೇ ಕೆಲಸ ಮಾಡುತ್ತಾರೆ. ರಿಚ್ಮಂಡ್ ಫೆಲೋಶಿಪ್ ಸೊಸೈಟಿ, ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ದಶಕಗಳಿಂದ ಈ ಊರಿನಲ್ಲಿ ಪುನರ್ವಸತಿ ಕೆಲಸ ಮಾಡುತ್ತಿವೆ. ಇಷ್ಟು ದೊಡ್ಡ ಊರಿಗೆ ಇದು ಏನೇನೂ ಸಾಲದು. ಸೆಂಟರ್ ಇದ್ದರೂ ಎರಡು ಬಸ್ಸು ಬದಲಿಸಬೇಕಾದರೆ ಬರುವವರು ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ನಮ್ಮ ಕೆಲಸಕ್ಕೆ ಅದು ದೊಡ್ಡ ಉಪಕಾರ.

ಇನ್ನು ಮನೆಯ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಮನೆಯವರಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಮಾಜದ ನಡುವೆ ಬದುಕೋದು ಅವರ ಹಕ್ಕು. ಸರಿ, ಹಾಗಾದರೆ ಹುಷಾರಾದ ನಾಲ್ಕು ಜನ ಒಟ್ಟಿಗೆ ಇರೋಕೆ ಬಾಡಿಗೆ ಮನೆ ಹುಡುಕಿ ನೋಡಿ. ಮೊದಲ ಪ್ರಶ್ನೆ, "ಬ್ಯಾಚುಲರ್ಸಾ, ಫ್ಯಾಮಿಲಿನಾ?" ಆಮೇಲೆ 10 ತಿಂಗಳ ಅಡ್ವಾನ್ಸ್. ನಿಜ ಹೇಳಿದರೆ ಬಾಗಿಲು ಹಾಕುತ್ತಾರೆ. ಓನರುಗಳಿಗೆ ನನ್ನ ಮನವಿ ಇಷ್ಟೇ: ಭಯ ಇದ್ದರೆ ನಮ್ಮನ್ನು ಕರೆಸಿ ಕೇಳಿ. ತಿಂಗಳಿಗೊಮ್ಮೆ ಸೋಶಿಯಲ್ ವರ್ಕರ್ ಬಂದು ನೋಡುವ ಬಾಡಿಗೆದಾರರು ನಿಮಗೆ ಬೇರೆ ಯಾರು ಸಿಗುತ್ತಾರೆ?

ಮನೆಯವರು ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ಕಾಯಿಲೆ ಇರುವವರು ಹುಷಾರಾಗಿರುವಾಗಲೇ ಅವರ ಜೊತೆ ಕೂತು ಒಂದು ಹಾಳೆ ಬರೆಯಿರಿ. ಹೋದ ಸಲ ಕಾಯಿಲೆ ಬರುವ ಮುಂಚೆ ಏನೇನಾಯಿತು? ಬಹಳ ಜನರಿಗೆ ಮೊದಲು ಕೆಡೋದು ನಿದ್ದೆ. ಹಾಗೆ ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನು ಅವರ ಕೈಯಲ್ಲೇ ಬರೆಸಿ. 14416 ಕೂಡ ಸೇರಿಸಿ. ಅದು ಟೆಲಿ ಮಾನಸ್, 2022ರಿಂದ ಇದೆ. ದಿನದ 24 ಗಂಟೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ತಮ್ಮ ಸುಸ್ತಿಗೂ ಕರೆ ಮಾಡಬಹುದು.

ಆ ಹಾಳೆಯಲ್ಲಿ ಮನೆಯ ಹೊರಗಿನವರ ಒಂದು ಹೆಸರಾದರೂ ಇರಲಿ, ನಡೆದು ಬರುವಷ್ಟು ಹತ್ತಿರದವರದು. ಯಾರಿಗೆ ಎಷ್ಟು ಹೇಳಬೇಕು ಅನ್ನೋದು ಕಾಯಿಲೆ ಇರುವವರ ಇಷ್ಟ, ಅವರನ್ನು ಕೇಳದೆ ಹೇಳಬೇಡಿ. ಅಂಥ ಹೆಸರು ಯಾವುದೂ ಹೊಳೆಯದಿದ್ದರೆ ಮುಂದಿನ ಫಾಲೋ-ಅಪ್‌ಗೆ ಹೋದಾಗ ಮಾತ್ರೆ ಬರೆಸಿಕೊಂಡು ಹಾಗೇ ಬಂದುಬಿಡಬೇಡಿ. ಸೋಶಿಯಲ್ ವರ್ಕರ್ ಯಾರು ಅಂತ ವಿಚಾರಿಸಿ, ನಿಮ್ಮ ಕಡೆಗಿರುವ ಡೇ ಕೇರ್ ಸೆಂಟರಿನ ವಿಳಾಸ ಕೇಳಿ ಬರೆದುಕೊಂಡು ಬನ್ನಿ.