ಪದ ಪರಿಚಯ: ಕ್ರಾಸ್‌ಮೋಡಲ್ ಹೊಂದಿಕೆ

ತಾರಸ್ಥಾಯಿಯ, ಅಂದರೆ ಎತ್ತರದ, ಸ್ವರ ಕೇಳಿದರೆ ತಿಳಿ ಬಣ್ಣ, ಮಂದ್ರಕ್ಕೆ ಗಾಢ ಬಣ್ಣ. ಯಾರನ್ನೇ ಕೇಳಿ, ಹೆಚ್ಚಿನವರು ಹೀಗೇ ಜೋಡಿಸುತ್ತಾರೆ. ಒಂದು ಇಂದ್ರಿಯಕ್ಕೆ ಸಿಕ್ಕಿದ್ದು ಇನ್ನೊಂದು ಇಂದ್ರಿಯಕ್ಕೆ ಸಿಗುವುದರ ಜೊತೆ ಬಹಳ ಜನರ ಮನಸ್ಸಿನಲ್ಲಿ ಒಂದೇ ಥರ ಕೂಡಿಕೊಳ್ಳುವುದನ್ನು ಕ್ರಾಸ್‌ಮೋಡಲ್ ಹೊಂದಿಕೆ ಎನ್ನುತ್ತಾರೆ. ಪುಣೆಯ ಹಿಂಜವಡಿಯಲ್ಲಿ ಕೂತು, ಹಾಡಿಗೆ ತಕ್ಕ ಬಣ್ಣ, ಕಂಪನ ಕೊಡುವ ಸಂಗೀತದ ಆ್ಯಪ್ ವಿನ್ಯಾಸ ಮಾಡುವ ನಮ್ಮಂಥ ಕನ್ನಡಿಗರಿಗೆ ಇದು ಕೆಲಸಕ್ಕೆ ಬರುವ ಪದ.

ಸಿನೆಸ್ತೇಶಿಯಾ ಬೇರೆ. ಅದು ಕೆಲವರಿಗೆ ಮಾತ್ರ ಇರುತ್ತದೆ. ಸ್ವರ ಕಿವಿಗೆ ಬಿದ್ದ ಕೂಡಲೇ ಅವರಿಗೆ ಬಣ್ಣ ತಾನಾಗಿ ಮೂಡುತ್ತದೆ. ಒಬ್ಬರ ಬಣ್ಣ ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ. ಎಲ್ಲರಿಗೂ ಬೇಕಾದ ಆ್ಯಪನ್ನು ಅದರ ಮೇಲೆ ಕಟ್ಟಲಾಗದು.

ಸ್ವರಕ್ಕೆ ನೇರವಾಗಿ ಬಣ್ಣ ಅಂಟಿಸುವ ಆಸೆ ಹಳೆಯದು. ನ್ಯೂಟನ್ 1704ರಲ್ಲೇ ಕಾಮನಬಿಲ್ಲಿನ ಏಳು ಬಣ್ಣಗಳನ್ನು ಸಪ್ತಕಕ್ಕೆ ಹೊಂದಿಸಿ ತೋರಿಸಿದ್ದ. ಆದರೆ ಸಂಗೀತಕ್ಕೂ ಬಣ್ಣಕ್ಕೂ ನಡುವೆ ಭಾವ ಇದೆ. ಮನಶ್ಶಾಸ್ತ್ರಜ್ಞ ಸ್ಟೀಫನ್ ಪಾಮರ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕ ಮತ್ತು ಮೆಕ್ಸಿಕೊದ ಕೇಳುಗರು ವೇಗದ, ಖುಷಿಯ ಸಂಗೀತಕ್ಕೆ ತಿಳಿಯಾದ, ಹಳದಿ ಕಡೆಯ ಬಣ್ಣ ಆರಿಸಿದರು. ನಿಧಾನದ, ದುಃಖದ ಸಂಗೀತಕ್ಕೆ ಮಬ್ಬಾದ, ನೀಲಿ ಕಡೆಯ ಬಣ್ಣ. ಹಾಡಿನ ಭಾವಕ್ಕೆ ಯಾವ ಬಣ್ಣದ ಭಾವ ಹತ್ತಿರವೋ ಅದನ್ನೇ ಅವರು ಆರಿಸಿದ್ದರು.

ಭಾವಕ್ಕೆ ಬಣ್ಣ ಕೊಡುವುದು ನಮಗೆ ಹೊಸದಲ್ಲ. ನಾಟ್ಯಶಾಸ್ತ್ರದಲ್ಲಿ ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಶೃಂಗಾರಕ್ಕೆ ಮಾತ್ರ ಶ್ಯಾಮ! ಇವತ್ತಿನ ಆ್ಯಪ್ ಆಗಿದ್ದರೆ ಗುಲಾಬಿ ಹಚ್ಚುತ್ತಿದ್ದರು, ಅಲ್ವಾ? ಹಾಗಾಗಿ ಬಣ್ಣ ಬದಲಿಸುವ ಹಕ್ಕು ಕೇಳುಗರಿಗೆ ಇರಲೇಬೇಕು. ಕೆಂಪು, ಹಸಿರನ್ನು ಬೇರೆ ಮಾಡಿ ನೋಡಲಾಗದವರೂ ಇದ್ದಾರೆ. ಅವರಿಗಾಗಿ ಬಣ್ಣದ ಜೊತೆ ಆಕಾರವೋ ಹೆಸರೋ ಬೇಕು.

ಇನ್ನು ಸ್ಪರ್ಶ. ನನಗೆ ಇದೇ ಜಾಸ್ತಿ ಇಷ್ಟದ ಭಾಗ. ಚರ್ಮಕ್ಕೆ ಸುಮಾರು 250 ಹರ್ಟ್ಸ್ ಕಂಪನ ಚೆನ್ನಾಗಿ ತಿಳಿಯುತ್ತದೆ. 1000 ಹರ್ಟ್ಸ್ ದಾಟಿದರೆ ಹೆಚ್ಚುಕಡಿಮೆ ಏನೂ ಗೊತ್ತಾಗುವುದಿಲ್ಲ. ಕಿವಿಗಾದರೆ 20,000ದವರೆಗೂ ಕೇಳುತ್ತದೆ. ಅಂದರೆ ಫೋನಿನ ಕಂಪನದಿಂದ ರಾಗವನ್ನು ಬೆರಳಿಗೆ ತಲುಪಿಸಲಾಗದು, ತಾಳವನ್ನು ತಲುಪಿಸಬಹುದು. ಹಿಂದೂಸ್ತಾನಿ ಸಂಗೀತದ ತೀನ್‌ತಾಲವನ್ನೇ ತೆಗೆದುಕೊಳ್ಳಿ. 16 ಮಾತ್ರೆ, ಅಂದರೆ 16 ಎಣಿಕೆ. ಮೊದಲನೆಯದು ಸಮ್, ಅಲ್ಲಿ ಗಟ್ಟಿ ಕಂಪನ. 5 ಮತ್ತು 13ರಲ್ಲಿ ಮೆಲುವಾದದ್ದು. 9ನೆಯದು ಖಾಲಿ, ಅಲ್ಲಿ ಏನೂ ಬೇಡ. ಕೈಯಲ್ಲಿ ತಾಳ ಹಾಕುವವರು ಖಾಲಿಗೆ ಚಪ್ಪಾಳೆ ತಟ್ಟದೆ ಕೈ ಬೀಸುತ್ತಾರಲ್ಲ, ಅದೇ ಲೆಕ್ಕ. ಸುಮ್ನೆ ಪ್ರತಿ ಮಾತ್ರೆಗೂ ಫೋನು ಗುಯ್‌ಗುಟ್ಟಿದರೆ ತಾಳದ ರೂಪವೇ ಅಳಿಸಿಹೋಗುತ್ತದೆ.

ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಸಂಗೀತ ಉತ್ಸವ 1953ರಲ್ಲಿ ಶುರುವಾದದ್ದು ಇದೇ ಪುಣೆಯಲ್ಲಿ. ಅದರ ಹಿಂದೆ ನಿಂತವರು ಅವರ ಶಿಷ್ಯ, ಗದಗ ಕಡೆಯ ಭೀಮಸೇನ ಜೋಶಿ. ಅಲ್ಲಿ ಕೇಳುವಂಥ ಖಯಾಲ್ ಗಾಯನಕ್ಕೆ ಒಂದೇ ಮೂಡ್ ಹಣೆಪಟ್ಟಿ ಸಾಲದು. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಗಂಭೀರವಾಗಿ ಹೊರಟ ರಾಗ ವೇಗದ ದ್ರುತಕ್ಕೆ ಬರುವಷ್ಟರಲ್ಲಿ ಕುಣಿಯತೊಡಗುತ್ತದೆ. ಹಾಡಿನ ಮೊದಲ ಅರ್ಧ ನಿಮಿಷ ಅಳೆದು ಇಡೀ ಹಾಡಿಗೆ ನೀಲಿ ಬಳಿಯುವುದು ತಪ್ಪು. ಲಯ ಏರಿದಂತೆ ಬಣ್ಣವೂ ನಿಧಾನಕ್ಕೆ ತಿಳಿಯಾಗಬೇಕು, ಕಂಪನಗಳ ನಡುವಿನ ಅಂತರ ಕಿರಿದಾಗಬೇಕು.