ಬ್ಯಾಂಕಿಗೆ ಬೀಗ, ಇಮೇಲ್‌ಗೆ ಚಿಲಕವೂ ಇಲ್ಲ

ಅಕೌಂಟ್ ಹ್ಯಾಕ್ ಆಗಿದೆ ಅಂತ ಬರುವವರನ್ನು ನಾನು ಮೊದಲು ಕೇಳುವುದು ಅವರ ಇಮೇಲ್ ಬಗ್ಗೆ. ಹೆಚ್ಚಿನವರಿಗೆ ಈ ಪ್ರಶ್ನೆಯೇ ಹಿಡಿಸುವುದಿಲ್ಲ. "ಇಮೇಲ್ ಬಿಡಿ ಸಾರ್, ಅದರಲ್ಲೇನಿದೆ, ಬರೀ ಜಾಹೀರಾತು ಬರುತ್ತೆ. ಬ್ಯಾಂಕ್ ಪಾಸ್‌ವರ್ಡ್ ಮಾತ್ರ ನಾನು ಹೆಂಡತಿಗೂ ಹೇಳಿಲ್ಲ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಡಾಕ್ಟರು ಹೇಳುತ್ತಾರೆ, ವಕೀಲರು ಹೇಳುತ್ತಾರೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಇಂಜಿನಿಯರುಗಳೂ ಇದನ್ನೇ ಹೇಳುತ್ತಾರೆ. ಓಟಿಪಿ ಕೊಡಬೇಡಿ, ಗುರುತಿಲ್ಲದ ಲಿಂಕ್ ಒತ್ತಬೇಡಿ ಅನ್ನುವುದೆಲ್ಲ ನಿಮಗೆ ಆಗಲೇ ಗೊತ್ತು, ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಇಲ್ಲಿ ಇಮೇಲ್ ಒಂದರ ಬಗ್ಗೆಯೇ ಮಾತಾಡುತ್ತೇನೆ.

ನೀವು ದಿನಾ ಬಳಸುವ ಯಾವುದಾದರೂ ಆ್ಯಪ್ ತೆರೆಯಿರಿ. ಲಾಗಿನ್ ಜಾಗದಲ್ಲಿ 'ಪಾಸ್‌ವರ್ಡ್ ಮರೆತಿರಾ?' ಅಂತ ಇರುತ್ತದೆ ಅಲ್ವಾ? ಅದನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲು ಒಂದು ಲಿಂಕ್ ಬರುತ್ತದೆ. ಬರುವುದು ಎಲ್ಲಿಗೆ? ಇಮೇಲ್‌ಗೆ. ಅಂದಮೇಲೆ ನಿಮ್ಮ ಇಮೇಲ್ ಓದಬಲ್ಲವನಿಗೆ ನಿಮ್ಮ ಬೇರೆ ಪಾಸ್‌ವರ್ಡುಗಳು ಗೊತ್ತಿರಬೇಕಾದ ಅಗತ್ಯವೇ ಇಲ್ಲ. ನೀವು ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಟ್ಟಿದ್ದರೂ ಅವನು ಅದನ್ನು ಊಹಿಸಲು ಕೂರುವುದಿಲ್ಲ. ತನಗೆ ಬೇಕಾದ ಹೊಸದೊಂದು ಇಟ್ಟುಕೊಳ್ಳುತ್ತಾನೆ. ಆಮೇಲೆ ಹೊರಗೆ ಉಳಿಯುವವರು ನೀವು.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮರುಕ್ಷಣವೇ "ಆದ್ರೆ ಬ್ಯಾಂಕ್ ಸೇಫ್ ಇದೆ ತಾನೆ?" ಅನ್ನುತ್ತಾರೆ. ಬ್ಯಾಂಕುಗಳು ಸಾಮಾನ್ಯವಾಗಿ ಇಮೇಲ್ ಒಂದನ್ನೇ ನಂಬಿ ಬಾಗಿಲು ತೆಗೆಯುವುದಿಲ್ಲ, ಇನ್ನೊಂದು ಹಂತ ಇಟ್ಟಿರುತ್ತವೆ. ಆದರೆ ಎಲ್ಲ ಕಡೆ ಒಂದೇ ನಿಯಮ ಇರುವುದಿಲ್ಲ, ಹಾಗಾಗಿ ನಾನು ಖಾತರಿ ಕೊಡಲಾರೆ. ಅದೂ ಅಲ್ಲದೆ, ಕಳ್ಳನಿಗೆ ನಿಮ್ಮ ಬ್ಯಾಂಕಿನ ಹಣವೇ ಬೇಕು ಅಂತ ಹೇಳಿದವರು ಯಾರು? ನಿಮ್ಮ ಹೆಸರು ಸಿಕ್ಕರೂ ಅವನಿಗೆ ಸಾಕು.

ನಂಬದವರ ಎದುರು ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಅವರದೇ ಮೇಲ್‌ಬಾಕ್ಸ್ ತೆಗೆಸಿ, ಹುಡುಕುವ ಜಾಗದಲ್ಲಿ 'ಪಾಸ್‌ಪೋರ್ಟ್' ಅಂತ ಟೈಪ್ ಮಾಡಿಸುತ್ತೇನೆ. ಆಮೇಲೆ 'ಸ್ಕ್ಯಾನ್'. ಆಮೇಲೆ 'ಸಹಿ'. ಬರೀ ಜಾಹೀರಾತು ಬರುತ್ತದೆ ಅಂದವರ ಸೆಂಟ್ ಫೋಲ್ಡರಿನಿಂದ ಯಾವತ್ತೋ ಟ್ರಾವೆಲ್ ಏಜೆಂಟನಿಗೆ ಕಳಿಸಿದ ಪಾಸ್‌ಪೋರ್ಟ್ ಪ್ರತಿ ಎದ್ದು ಬರುತ್ತದೆ. ಸಂಬಳದ ಚೀಟಿ, ಮನೆ ಬಾಡಿಗೆಯ ಕರಾರು, ಬಿಳಿ ಹಾಳೆಯ ಮೇಲೆ ಮಾಡಿದ ಸಹಿಯ ಫೋಟೋ, ಮಗಳ ಜನನ ಪ್ರಮಾಣಪತ್ರ. ಯಾರದೋ ಹೆಸರಲ್ಲಿ ಸಾಲಕ್ಕೆ ಅರ್ಜಿ ಹಾಕುವವನಿಗೆ ಬೇಕಾದ ಕಾಗದಗಳೆಲ್ಲ ಒಂದೇ ಕಡೆ, ತಾರೀಕು ಸಮೇತ. ಈ ಪರೀಕ್ಷೆ ಆದಮೇಲೆ ಯಾರೂ ಬ್ಯಾಂಕಿನ ಮಾತು ಎತ್ತುವುದಿಲ್ಲ.

ಈ ಸರಪಳಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಅಮೆರಿಕದ ಪತ್ರಕರ್ತ ಮ್ಯಾಟ್ ಹೊನನ್ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 2012ರ ಆಗಸ್ಟ್‌ನಲ್ಲಿ ನಡೆದದ್ದು. ಅವರೇ ಅದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಹ್ಯಾಕರುಗಳಿಗೆ ಬೇಕಾಗಿದ್ದದ್ದು ಹೊನನ್ ಅವರ ಮೂರೇ ಅಕ್ಷರದ ಟ್ವಿಟರ್ ಹೆಸರು, ಹಣ ಅಲ್ಲ. ಟ್ವಿಟರ್ ಅಕೌಂಟಿನ ಜಾಡು ಹಿಡಿದು ಜಿಮೇಲ್ ವಿಳಾಸ ಹುಡುಕಿದರು. ಅಲ್ಲಿ ಪಾಸ್‌ವರ್ಡ್ ಮರೆತವರ ಹಾಗೆ ನಟಿಸಿದಾಗ, ಲಿಂಕ್ ಯಾವ ವಿಳಾಸಕ್ಕೆ ಹೋಗುತ್ತದೆ ಅಂತ ಗೂಗಲ್ ಅರ್ಧ ಮುಚ್ಚಿ ತೋರಿಸಿತು. ಮೊದಲಿಗೆ 'ಎಂ', ನಡುವೆ ಚುಕ್ಕೆಗಳು, ಕೊನೆಗೆ 'ಎನ್', ಮುಂದೆ ಆ್ಯಪಲ್‌ನ ಇಮೇಲ್ ವಿಳಾಸ. ಊಹಿಸಲು ಅಷ್ಟು ಸಾಕಾಯಿತು.

ಆ್ಯಪಲ್‌ನ ಗ್ರಾಹಕ ಸೇವೆಗೆ ಆಗ ಬಿಲ್ಲಿಂಗ್ ವಿಳಾಸ ಮತ್ತು ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದರೆ ಸಾಕಿತ್ತು. ವಿಳಾಸ ಅಂತರ್ಜಾಲದಲ್ಲೇ ಸಿಕ್ಕಿತು. ನಾಲ್ಕು ಅಂಕಿಗೆ ಅವರು ಅಮೆಜಾನ್‌ಗೆ ಫೋನ್ ಮಾಡಿದರು. ಮೊದಲ ಸಲ, ಅಕೌಂಟಿಗೆ ಹೊಸ ಕಾರ್ಡ್ ಸೇರಿಸಬೇಕು ಅಂದರು. ಎರಡನೆಯ ಸಲ ಫೋನ್ ಮಾಡಿ, ನನಗೆ ಒಳಗೆ ಹೋಗಲು ಆಗುತ್ತಿಲ್ಲ ಅಂದರು. ಗುರುತಿಗಾಗಿ, ಸ್ವಲ್ಪ ಹೊತ್ತಿನ ಹಿಂದೆ ತಾವೇ ಸೇರಿಸಿದ ಕಾರ್ಡಿನ ನಂಬರನ್ನೇ ಹೇಳಿದರು! ಒಳಗೆ ಹೋದರೆ ಹೊನನ್ ಅವರ ನಿಜವಾದ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಾಣುತ್ತಿತ್ತು. ಅದರಿಂದ ಆ್ಯಪಲ್ ಅಕೌಂಟ್, ಅದರಿಂದ ಜಿಮೇಲ್, ಅದರಿಂದ ಟ್ವಿಟರ್. ಹೊನನ್ ಅಕೌಂಟನ್ನು ವಾಪಸ್ ಪಡೆಯದಿರಲಿ ಅಂತ ಐಫೋನ್, ಐಪ್ಯಾಡ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳು ಆ ಲ್ಯಾಪ್‌ಟಾಪಿನಲ್ಲಿದ್ದವು. ಬ್ಯಾಕಪ್ ಇರಲಿಲ್ಲ.

ಎರಡೂ ಕಂಪನಿಗಳು ಆಮೇಲೆ ತಮ್ಮ ಫೋನ್ ನಿಯಮ ಬದಲಿಸಿದವು. ನಾನು ಹೇಳಬೇಕಾದದ್ದು ಅದಲ್ಲ. ಈ ಕಥೆಯಲ್ಲಿ ಯಾರೂ ಒಂದೇ ಒಂದು ಪಾಸ್‌ವರ್ಡ್ ಕೂಡ ಒಡೆದಿಲ್ಲ. ಒಂದು ಇಮೇಲ್‌ನ ಲಿಂಕ್ ಇನ್ನೊಂದು ಇಮೇಲ್‌ಗೆ ಹೋಗುತ್ತಿತ್ತು, ಅದನ್ನೇ ಹಿಂಬಾಲಿಸಿ ಹೋದರು, ಅಷ್ಟೇ.

ಹಾಗಾಗಿ ನಾನು ಪಟ್ಟು ಹಿಡಿದು ನೋಡಿಸುವುದು ರಿಕವರಿ ಇಮೇಲ್, ಅಂದರೆ ಪಾಸ್‌ವರ್ಡ್ ಮರೆತಾಗ ಲಿಂಕ್ ಹೋಗುವ ಇನ್ನೊಂದು ವಿಳಾಸ, ಯಾವುದು ಅಂತ. ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಬಹಳ ಶಿಸ್ತಿನ ಮನುಷ್ಯ, ಪಾಸ್‌ವರ್ಡ್ ಎಲ್ಲ ಗಟ್ಟಿಯಾಗಿತ್ತು. ರಿಕವರಿ ವಿಳಾಸ ನೋಡಿದರೆ ಅವರ ಅಳಿಯನ ಹಳೆಯ ಆಫೀಸಿನದು! ಅಳಿಯ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಲಿಂಕುಗಳೆಲ್ಲ ಯಾರ ಕೈಗೆ ಹೋಗುತ್ತಿದ್ದವು ಅನ್ನುವುದು ಅವರಿಗಾಗಲಿ ಅಳಿಯನಿಗಾಗಲಿ ಗೊತ್ತಿಲ್ಲ. "ಅವನೇ ಮಾಡಿಕೊಟ್ಟದ್ದು, ನಾನು ನೋಡೇ ಇಲ್ಲ" ಅಂದರು ಮೇಷ್ಟ್ರು. ಕಾಲೇಜಿನ ವಿಳಾಸ, ಬಿಟ್ಟುಬಂದ ಕಂಪನಿಯ ವಿಳಾಸ, ವರ್ಷಗಟ್ಟಲೆ ತೆರೆಯದ ವಿಳಾಸ, ಮೂರೂ ರಿಕವರಿಗೆ ಇಡುವಂಥವಲ್ಲ. 2013ರಲ್ಲಿ ಯಾಹೂ ಒಂದು ವರ್ಷ ಬಳಸದೆ ಬಿಟ್ಟ ಹೆಸರುಗಳನ್ನು ಬೇರೆಯವರಿಗೆ ಹಂಚಿತು. ಹಾಗೆ ಹೊಸದಾಗಿ ಪಡೆದವರಲ್ಲಿ ಕೆಲವರಿಗೆ ಹಿಂದಿನ ಮಾಲೀಕರ ಖಾಸಗಿ ಮೇಲ್‌ಗಳು ಬರತೊಡಗಿದವು.

ಇನ್ನು ಪಾಸ್‌ವರ್ಡ್. ಇಮೇಲ್‌ನ ಪಾಸ್‌ವರ್ಡ್ ಬೇರೆಲ್ಲೂ ಬಳಸಿರಬಾರದು. ಇದನ್ನು ಕೇಳಿದ ಕೂಡಲೇ "ಬೇರೆ ಬೇರೆಯೇ ಇದೆ ಸಾರ್" ಅನ್ನುತ್ತಾರೆ. ನೋಡಿದರೆ ಅದೇ ಪದ, ಕೊನೆಗೆ ಒಂದು ಕಡೆ 1, ಇನ್ನೊಂದು ಕಡೆ 12. ಅದು ಬೇರೆ ಅಲ್ಲ. ಸೋರಿದ ಪಾಸ್‌ವರ್ಡುಗಳನ್ನು ಬೇರೆ ತಾಣಗಳಲ್ಲಿ ಹಾಕಿ ನೋಡುವ ಕೆಲಸವನ್ನು ಈಗ ಮನುಷ್ಯರು ಮಾಡುವುದಿಲ್ಲ, ಪ್ರೋಗ್ರಾಮುಗಳು ಮಾಡುತ್ತವೆ. ಕೊನೆಯ ಅಂಕಿ ಬದಲಿಸಿ ನೋಡುವುದು ಅವಕ್ಕೂ ಗೊತ್ತು.

ಸೋರಿಕೆ ಆದದ್ದು ನಿಮಗೆ ಗೊತ್ತಾಗುತ್ತದೆ ಅಂತಲೂ ನೆಚ್ಚಿಕೊಳ್ಳಬೇಡಿ. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಸುಮಾರು 65 ಲಕ್ಷ ಪಾಸ್‌ವರ್ಡ್ ಹೋಗಿವೆ ಅಂತ ಸುದ್ದಿಯಾಯಿತು. 2016ರಲ್ಲಿ ಅದೇ ಕಳ್ಳಮಾಲು ಮಾರಾಟಕ್ಕೆ ಬಂದಾಗ ಸಂಖ್ಯೆ 11 ಕೋಟಿ ದಾಟಿತ್ತು. ನಡುವಿನ ನಾಲ್ಕು ವರ್ಷ ಜನ ಅದೇ ಪಾಸ್‌ವರ್ಡನ್ನು ನಿಶ್ಚಿಂತೆಯಿಂದ ಬೇರೆ ಕಡೆಗಳಲ್ಲಿ ಬಳಸುತ್ತಿದ್ದರು. ಆ ಸೋರಿಕೆಯ ಬೆನ್ನಲ್ಲೇ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಅವರ ಟ್ವಿಟರ್ ಮತ್ತು ಪಿಂಟರೆಸ್ಟ್ ಅಕೌಂಟುಗಳೂ ಬೇರೆಯವರ ಕೈಗೆ ಹೋದವು. ಪಾಸ್‌ವರ್ಡ್ ಲಿಂಕ್ಡ್‌ಇನ್ ಪಟ್ಟಿಯಲ್ಲೇ ಸಿಕ್ಕಿತು ಅಂತ ಹ್ಯಾಕರುಗಳು ಹೇಳಿಕೊಂಡರು. ಅವರಿಗೇ ಹಾಗಾದರೆ ನಮ್ಮದೇನು? 'ಹ್ಯಾವ್ ಐ ಬೀನ್ ಪೋನ್ಡ್' ಅನ್ನುವ ತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಹಾಕಿದರೆ, ಬಯಲಿಗೆ ಬಂದ ಯಾವ ಯಾವ ಸೋರಿಕೆಯಲ್ಲಿ ಅದು ಇದೆ ಅಂತ ತೋರಿಸುತ್ತದೆ. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು, ನಾನೂ ಬಳಸುತ್ತೇನೆ. ಅಲ್ಲಿ ಹೆಸರು ಬರಲಿಲ್ಲ ಅಂದರೆ ಸೋರಿಲ್ಲ ಅಂತ ಮಾತ್ರ ತಿಳಿಯಬೇಡಿ. ಬಯಲಿಗೆ ಬರದ ಸೋರಿಕೆಗಳೂ ಇರುತ್ತವೆ.

ಮಧ್ಯೆ ಒಂದು ಮಾತು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ಸಿಬ್ಬಂದಿಯ ಪ್ರಾಣ ಹಿಂಡುವ ಆಫೀಸುಗಳು ಇನ್ನೂ ಇವೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಸುಮ್ನೆ ಗಡುವು ಹಾಕಿ ಬದಲಿಸಬೇಡಿ, ಸೋರಿದ ಸುಳಿವು ಸಿಕ್ಕಾಗ ಬದಲಿಸಿ ಅಂತ ಹೇಳಿದೆ. ಬಲವಂತ ಮಾಡಿದರೆ ಜನ ಏನು ಮಾಡುತ್ತಾರೆ ಅಂತ ಗೊತ್ತಲ್ಲ, ಕೊನೆಯ ಅಂಕಿ ಒಂದು ಏರುತ್ತದೆ. ಅದೇ ರೀತಿ, ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದಿಟ್ಟೆ ಅಂತ ಅಪರಾಧಿಯ ಹಾಗೆ ತಲೆ ತಗ್ಗಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಮನೆಯ ಬೀರುವಿನಲ್ಲಿರುವ ಪುಸ್ತಕವನ್ನು ದೂರದ ಹ್ಯಾಕರ್ ಓದಲಾರ. ಪಾಸ್‌ವರ್ಡುಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಒಗ್ಗಿದರೆ ಇನ್ನೂ ಒಳ್ಳೆಯದು, ಒಗ್ಗದಿದ್ದರೆ ಪುಸ್ತಕವೇ ಇರಲಿ. ತೊಂದರೆ ಕೊಡುವವರು ಮನೆಯೊಳಗೇ ಇದ್ದರೆ ಮಾತ್ರ ಈ ಸಲಹೆ ಹೊಂದುವುದಿಲ್ಲ.

ಪಾಸ್‌ವರ್ಡ್ ಮರೆತಾಗ ಗುರುತಿಗಾಗಿ ಕೇಳುವ 'ನಿಮ್ಮ ಮೊದಲ ಶಾಲೆ ಯಾವುದು' ಅನ್ನುವಂಥ ಪ್ರಶ್ನೆಗಳಿಗೆ ದಯವಿಟ್ಟು ನಿಜ ಹೇಳಬೇಡಿ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಇಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ್ದು ಹೀಗೇ. ಹುಟ್ಟಿದ ದಿನ, ಪಿನ್‌ಕೋಡ್, ಗಂಡನನ್ನು ಮೊದಲು ಕಂಡದ್ದು ಎಲ್ಲಿ, ಇಷ್ಟೇ ಬೇಕಾಗಿತ್ತು. ಎಲ್ಲದಕ್ಕೂ ಉತ್ತರ ಅಂತರ್ಜಾಲದಲ್ಲಿತ್ತು. ಉತ್ತರಕ್ಕೆ ಬಾಯಿಗೆ ಬಂದದ್ದು ಬರೆಯಿರಿ, ಬರೆದದ್ದನ್ನು ಅದೇ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ.

ಹ್ಯಾಕ್ ಆದಮೇಲೆ ಪಾಸ್‌ವರ್ಡ್ ಬದಲಿಸಿ ಕೈ ತೊಳೆದುಕೊಳ್ಳುವುದು ನಾನು ಕಾಣುವ ಇನ್ನೊಂದು ದೊಡ್ಡ ತಪ್ಪು. ಫೋಟೋಗ್ರಾಫರ್ ಒಬ್ಬರು ಬಂದರು. ಅವರ ಗ್ರಾಹಕರಿಗೆ ಅವರ ಹೆಸರಲ್ಲೇ ಮೇಲ್ ಹೋಗುತ್ತಿತ್ತು, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ ಅಂತ. ಪಾಸ್‌ವರ್ಡ್ ಬದಲಿಸಿದ್ದರು, ಮತ್ತೆ ಬದಲಿಸಿದ್ದರು. ಆದರೂ ಯಾರ ಹತ್ತಿರ ಎಷ್ಟು ಬಾಕಿ ಅಂತ ಕಳ್ಳನಿಗೆ ಕರಾರುವಾಕ್ಕಾಗಿ ಗೊತ್ತಾಗುತ್ತಿತ್ತು. "ನನ್ನ ಕಂಪ್ಯೂಟರ್‌ಗೇ ಏನೋ ಹಾಕಿದ್ದಾರೆ" ಅಂತ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರು ಪಾಪ.

ಇಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರೂಲ್ಸ್, ಅಂದರೆ ಬಂದ ಮೇಲ್‌ಗೆ ತಾನಾಗಿಯೇ ಏನು ಮಾಡಬೇಕು ಅಂತ ಬರೆದಿಡುವ ಸೂಚನೆಗಳನ್ನು, ತೆರೆಸಿದೆ. ಅಲ್ಲಿ ಒಂದು ರೂಲ್ ಇತ್ತು. ಹೆಸರು ಬರೀ ಒಂದು ಚುಕ್ಕೆ. ಒಳಗೆ ಬರೆದದ್ದು ಇಷ್ಟು: ಬಿಲ್ ಅಥವಾ ಪೇಮೆಂಟ್ ಅನ್ನುವ ಪದ ಇರುವ ಯಾವ ಮೇಲ್ ಬಂದರೂ ಗುರುತಿಲ್ಲದ ಒಂದು ವಿಳಾಸಕ್ಕೆ ಫಾರ್ವರ್ಡ್ ಮಾಡು, ಓದಿದೆ ಅಂತ ಗುರುತು ಹಾಕು, ಇನ್‌ಬಾಕ್ಸಿನಿಂದ ತೆಗೆದು ಯಾರೂ ನೋಡದ ಫೋಲ್ಡರಿಗೆ ಹಾಕು. ಕಳ್ಳ ಒಳಗೆ ಬಂದದ್ದು ಒಂದೇ ಸಲ. ಆ ರೂಲ್ ಬರೆದಿಟ್ಟು ಹೋದಮೇಲೆ ಅವನಿಗೆ ಪಾಸ್‌ವರ್ಡೇ ಬೇಕಿರಲಿಲ್ಲ. "ಆ ಚುಕ್ಕೆ ನಾನು ನೋಡಿದ್ದೆ ಸಾರ್, ಕಂಪನಿಯವರೇ ಇಟ್ಟಿದ್ದಾರೇನೋ ಅಂದುಕೊಂಡೆ" ಅಂದರು.

ನಿಮ್ಮದನ್ನೂ ಒಮ್ಮೆ ನೋಡಿಬಿಡಿ. ಫಾರ್ವರ್ಡಿಂಗ್ ಎಲ್ಲಿಗೆ ಇದೆ, ಫಿಲ್ಟರ್ ಅಥವಾ ರೂಲ್ ಏನಿದೆ, ರಿಕವರಿ ನಂಬರ್ ನಿಮ್ಮದೇನಾ, ಯಾವ ಯಾವ ಸಾಧನದಲ್ಲಿ ಲಾಗಿನ್ ಆಗಿದೆ, ಯಾವ ಆ್ಯಪ್‌ಗಳಿಗೆ ನಿಮ್ಮ ಮೇಲ್ ಓದಲು ಅನುಮತಿ ಕೊಟ್ಟಿದ್ದೀರಿ. ಈ ಕೊನೆಯದು ಜಾಸ್ತಿ ಜನ ಮರೆಯುವುದು. ಹಾಗೆ ಕೊಟ್ಟ ಅನುಮತಿ ಎಷ್ಟೋ ಸಲ ಪಾಸ್‌ವರ್ಡ್ ಬದಲಾದರೂ ಹಾಗೇ ಉಳಿದಿರುತ್ತದೆ, ನೀವೇ ಹೋಗಿ ತೆಗೆಯಬೇಕು.

ಎರಡನೆಯ ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದಮೇಲೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಇಲ್ಲದಿದ್ದರೆ ಮೊದಲು ಹಾಕಿ. ಎಸ್‌ಎಂಎಸ್ ಕೋಡ್ ಆದರೂ ಪರವಾಗಿಲ್ಲ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಆದರೆ ಇಮೇಲ್‌ಗೆ ಆಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡಿನ ಬದಲು ಬೆರಳಚ್ಚು ಅಥವಾ ಫೋನಿನ ಪಿನ್‌ನಿಂದ ಒಳಗೆ ಬಿಡುವ ಕೀಲಿ) ಇಡಿಸುವುದೇ ನನಗೆ ಇಷ್ಟ. ಫೋನ್ ನಂಬರ್ ನಾವು ಅಂದುಕೊಂಡಷ್ಟು ನಮ್ಮದಲ್ಲ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಆಗಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ಟ್ವಿಟರ್ ಖಾತೆಯೇ ಕೈತಪ್ಪಿತು, ಅವರ ನಂಬರನ್ನು ಬೇರೆಯವರು ತಮ್ಮ ಕೈಗೆ ಮಾಡಿಕೊಂಡಿದ್ದರು. ಬಿಟ್ಟ ನಂಬರಿನ ಕಥೆಯಂತೂ ಕೇಳಲೇಬೇಡಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2021ರಲ್ಲಿ, ಹೊಸ ಗ್ರಾಹಕರಿಗೆ ಕೊಡಲು ಇಟ್ಟಿದ್ದ 259 ನಂಬರುಗಳನ್ನು ಪರೀಕ್ಷಿಸಿದರು. 171 ನಂಬರುಗಳು ಆಗಲೇ ಯಾರದೋ ಆನ್‌ಲೈನ್ ಅಕೌಂಟಿಗೆ ಅಂಟಿಕೊಂಡಿದ್ದವು. ಸಿಮ್ ಬಿಡುವ ಮುಂಚೆ ಅದು ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ತೆಗೆಸಿ. ಆಥೆಂಟಿಕೇಟರ್ ಇಟ್ಟವರು ಬ್ಯಾಕಪ್ ಕೋಡುಗಳನ್ನು (ಫೋನ್ ಕೈಯಲ್ಲಿ ಇಲ್ಲದಾಗ ಒಳಗೆ ಹೋಗಲು ಕೊಡುವ ಕೋಡುಗಳು) ಕಾಗದದ ಮೇಲೆ ಬರೆದಿಡಿ. ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಇಟ್ಟರೆ, ಫೋನ್ ಕಳೆದ ದಿನ ಅದೂ ಹೋಗುತ್ತದೆ.

ಈಗಾಗಲೇ ಇಮೇಲ್ ಕೈತಪ್ಪಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಎಚ್ಚರಿಸಿ, ಆಮೇಲೆ ಬೇರೆ ಯಾವ ಪಾಸ್‌ವರ್ಡಿಗೂ ಕೈ ಹಾಕದೆ ಮೊದಲು ಇಮೇಲ್ ವಾಪಸ್ ಪಡೆಯಿರಿ. ಅದು ಅವನ ಹತ್ತಿರ ಇರುವಷ್ಟು ಹೊತ್ತು ನೀವು ಬದಲಿಸಿದ್ದನ್ನೆಲ್ಲ ಅವನೂ ಬದಲಿಸಬಲ್ಲ. ಸಾಧ್ಯವಾದರೆ ನೀವು ಎಂದಿನಿಂದಲೂ ಬಳಸುವ ಫೋನಿನಿಂದ, ಎಂದಿನ ಜಾಗದಿಂದ ಪ್ರಯತ್ನಿಸಿ. ಗುರುತಿರುವ ಸಾಧನದಿಂದ ಬಂದ ಮನವಿಯನ್ನು ಕಂಪನಿಗಳು ಸುಲಭವಾಗಿ ನಂಬುತ್ತವೆ. ವಾಪಸ್ ಸಿಕ್ಕಮೇಲೆ ಸಿಟ್ಟಿನಲ್ಲಿ ಅಕೌಂಟನ್ನೇ ಡಿಲೀಟ್ ಮಾಡುವವರಿದ್ದಾರೆ. ಅವಸರ ಬೇಡ. ನೀವು ಮರೆತ ಎಷ್ಟೋ ತಾಣಗಳು ಇನ್ನೂ ಆ ವಿಳಾಸಕ್ಕೇ ಲಿಂಕ್ ಕಳಿಸುತ್ತಿರುತ್ತವೆ. ಕೆಲವು ತಿಂಗಳು ಇಟ್ಟುಕೊಳ್ಳಿ. ಯಾವ ಯಾವ ಕಡೆಯಿಂದ ಮೇಲ್ ಬರುತ್ತದೆ ನೋಡಿ, ಒಂದೊಂದಾಗಿ ಹೊಸ ವಿಳಾಸಕ್ಕೆ ಬದಲಿಸಿ. ಹಳೆಯದನ್ನು ಮುಚ್ಚುವುದು ಅದೆಲ್ಲ ಮುಗಿದಮೇಲೆ.